ಹಾದಿಯಿಲ್ಲದ ರಿಡ್ಜ್ ಮೇಲೆ ಗುಂಪಾಗಿ ನಡೆಯುವ ಮುನ್ನ

ಎತ್ತರದ ಪರ್ವತದ ನೆತ್ತಿಯ ಉದ್ದನೆಯ ಗೆರೆ, ಅಂದರೆ ರಿಡ್ಜ್, ಹಿಡಿದು, ಕಾಲುದಾರಿಯೇ ಇಲ್ಲದ ಕಡೆ, ಬೆನ್ನಿಗೆ ಚೀಲ ಏರಿಸಿಕೊಂಡು ಮೂರ್ನಾಲ್ಕು ದಿನ ನಡೆಯಲು ಹೊರಡುವವರು ನಕ್ಷೆ ಬಿಚ್ಚಿದ ಕೂಡಲೇ ಶಿಖರಗಳನ್ನು ಎಣಿಸುತ್ತಾರೆ. ಮೊದಲು ಎಣಿಸಬೇಕಾದದ್ದು ಇಳಿಯುವ ಜಾಗಗಳನ್ನು. ಹವೆ ತಿಳಿಯಾಗಿದ್ದರೆ ರಿಡ್ಜ್ ಮೇಲೆ ದಿಕ್ಕು ತಪ್ಪುವುದು ಕಷ್ಟ. ಎರಡೂ ಬದಿ ಇಳಿಜಾರು, ನಡುವಿನ ಗೆರೆ ಕಣ್ಣೆದುರೇ ಇರುತ್ತದೆ. ತೊಂದರೆ ಬರುವುದು ಗುಡುಗು ಕೇಳಿಸಿದಾಗ, ಯಾರದೋ ಕಾಲು ಉಳುಕಿದಾಗ, ನೀರು ತಳ ಕಂಡಾಗ. ಆಗ ಬೇಕಾದಲ್ಲಿ ಇಳಿಯಲು ಪರ್ವತ ಬಿಡುವುದಿಲ್ಲ. ಐದು ಕಿಲೋಮೀಟರ್ ಉದ್ದದ ರಿಡ್ಜ್‌ನಲ್ಲಿ ಚೀಲ ಹೊತ್ತು ಇಳಿಯಬಹುದಾದ ಜಾಗ ಎರಡೇ ಇರಬಹುದು, ಒಂದೂ ಇಲ್ಲದಿರಬಹುದು.

ಹಾಗಾಗಿ ಮನೆಯಲ್ಲೇ ಕೂತು ರಿಡ್ಜ್‌ನ ಎರಡೂ ಬದಿಯನ್ನು ನಕ್ಷೆಯಲ್ಲಿ ಅಂಗುಲ ಅಂಗುಲ ನೋಡಬೇಕು. 1:25,000 ನಕ್ಷೆಯಲ್ಲಿ (ಕಾಗದದ 1 ಮಿಲಿಮೀಟರ್ ಎಂದರೆ ನೆಲದ 25 ಮೀಟರ್) ಕಾಂಟೂರ್ ಗೆರೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ, ಅಂತರ 20 ಮೀಟರ್ ಎಂದುಕೊಳ್ಳಿ. ಐದು ಅಂತರ ದಾಟಿದರೆ 100 ಮೀಟರ್ ಎತ್ತರ. ಆ ಐದು ಅಂತರ ಕಾಗದದ ಮೇಲೆ 8 ಮಿಲಿಮೀಟರ್‌ನಲ್ಲಿ ಹರಡಿದ್ದರೆ ಇಳಿಜಾರು ಸುಮಾರು 27 ಡಿಗ್ರಿ, 4 ಮಿಲಿಮೀಟರ್‌ನಲ್ಲೇ ಒತ್ತಿಕೊಂಡಿದ್ದರೆ 45 ಡಿಗ್ರಿ. 30ರ ಒಳಗಿದ್ದರೆ ಭಾರದ ಚೀಲದೊಂದಿಗೂ ನಡೆದು ಇಳಿಯಬಹುದು. 35ರ ಆಸುಪಾಸಿನಲ್ಲಿ ಸಡಿಲ ಕಲ್ಲು ತನ್ನಷ್ಟಕ್ಕೆ ತಾನು ನಿಲ್ಲುವುದೇ ಕಷ್ಟ. ಕಾಲಿಟ್ಟರೆ ಜಾರಲು ಶುರು. 40 ದಾಟಿತೆಂದರೆ ಕೈಯೂರಿ ಇಳಿಯಬೇಕು, ಗುಂಪಿಗೆ ಅದು ಇಳಿಯುವ ದಾರಿಯೇ ಅಲ್ಲ.

ಈ ಲೆಕ್ಕಕ್ಕೂ ಒಂದು ಕುರುಡು ಮೂಲೆ ಇದೆ. 20 ಮೀಟರ್ ಅಂತರದ ನಕ್ಷೆಯಲ್ಲಿ 15 ಮೀಟರ್ ಎತ್ತರದ ನೆಟ್ಟಗಿನ ಬಂಡೆಗೋಡೆ ಎರಡು ಗೆರೆಗಳ ನಡುವೆ ಪೂರ್ತಿ ಮರೆಯಾಗಬಲ್ಲದು. ಅದಕ್ಕೇ ಉಪಗ್ರಹ ಚಿತ್ರವನ್ನೂ ಜೊತೆಗಿಟ್ಟು ನೋಡಬೇಕು. ಇಳಿಜಾರಿಗೆ ಅಡ್ಡವಾಗಿ ತೆಳ್ಳನೆಯ ಕಪ್ಪು ನೆರಳು ಕಂಡರೆ ಅಲ್ಲೊಂದು ಗೋಡೆ ಇದೆಯೆಂದೇ ತಿಳಿಯಿರಿ. ಮೇಲೆ ಗೆರೆಗಳು ದೂರ ದೂರವಿದ್ದು ಕೆಳಗೆ ಒತ್ತಾಗಿದ್ದರೆ ಆ ಇಳಿಜಾರು ಹೊರಗೆ ಉಬ್ಬಿದೆ. ಮೇಲಿಂದ ನೋಡುವವರಿಗೆ ಹುಲ್ಲಿನ ಮೆದು ಅಂಚು ಮಾತ್ರ ಕಾಣುತ್ತದೆ, ಅದರ ಕೆಳಗಿನದು ಕಾಣುವುದಿಲ್ಲ. ಕೊರಕಲುಗಳ ಆಸೆ ಇನ್ನೂ ಅಪಾಯದ್ದು. ಮೇಲೆ ಅಗಲವಾಗಿ, ಸುಲಭವಾಗಿ ಬಾಯಿ ತೆರೆದುಕೊಳ್ಳುವ ಕೊರಕಲು ಕೆಳಗೆ ಹೋಗುತ್ತಾ ಕಿರಿದಾಗಿ, ನೀರು ಧುಮುಕುವ ಜಾಗದಲ್ಲಿ ಮುಗಿದುಬಿಡುತ್ತದೆ. ಅಷ್ಟರಲ್ಲಿ ಮೂರು ಕಡೆ ಮೆಟ್ಟು ಜಾರಿ ಇಳಿದಿರುತ್ತೀರಿ, ಹತ್ತಿ ವಾಪಸು ಬರಲಾಗುವುದಿಲ್ಲ. ತಿರುಗಿ ಹತ್ತಲಾಗದ ಜಾಗಕ್ಕೆ, ಕೆಳಗಿನದು ಪೂರ್ತಿ ಕಾಣದೆ, ಇಳಿಯಬಾರದು. ಈ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಕೊರಕಲಿಗಿಂತ ಬದಿಗೆ ಚಾಚಿದ ಚಿಕ್ಕ ಏಣುಗಳು ಸಾಮಾನ್ಯವಾಗಿ ವಾಸಿ. ಕಲ್ಲು ಮೇಲಿಂದ ಉರುಳಿ ಬರುವುದು ಕಡಿಮೆ, ಮುಂದಿನದು ಕಾಣುತ್ತದೆ. ಆದರೆ ಏಣುಗಳು ಹತ್ತುವಾಗ ಒಂದಾಗುತ್ತವೆ, ಇಳಿಯುವಾಗ ಕವಲೊಡೆಯುತ್ತವೆ. ಮಂಜು ಮುಸುಕಿದಾಗ ಗುಂಪುಗಳು ದಾರಿ ತಪ್ಪುವುದು ಇಂಥ ಕವಲುಗಳಲ್ಲೇ. ಪ್ರತಿ ಕವಲಿನ ದಿಕ್ಕನ್ನು ಡಿಗ್ರಿಯಲ್ಲಿ ಮೊದಲೇ ಬರೆದಿಟ್ಟುಕೊಂಡು, ಅಲ್ಲಿ ನಿಂತು ಕಂಪಾಸ್ ನೋಡಿ ಮುಂದೆ ಹೋಗಬೇಕು. ಆ ಊರಿನ ಕಾಂತೀಯ ದಿಕ್ಪಾತ, ಅಂದರೆ ಕಂಪಾಸ್ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ, ಎಷ್ಟೆಂದು ತಿಳಿದಿರಬೇಕು: ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್‌ನಲ್ಲಿ 17 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ, ಹತ್ತು ಡಿಗ್ರಿ ತಪ್ಪಿದರೆ ಬೇರೆಯದೇ ಏಣಿನ ಮೇಲಿರುತ್ತೀರಿ. ಫೋನಿನಲ್ಲಿ ನಕ್ಷೆ ಇಳಿಸಿಕೊಂಡಿದ್ದರೂ ಕಾಗದದ ನಕ್ಷೆ ಎರಡು ಪ್ರತಿ, ಇಬ್ಬರ ಬಳಿ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಫೋನನ್ನು ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಳ್ಳಬೇಕು.

ಸಮಯದ ಲೆಕ್ಕಕ್ಕೆ ಬರೋಣ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಸರಿಸುಮಾರು 5 ಕಿಲೋಮೀಟರ್‌ಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 9 ಕಿಲೋಮೀಟರ್ ದೂರ, 750 ಮೀಟರ್ ಏರಿಕೆ ಇರುವ ದಿನಕ್ಕೆ ಇದು ಸುಮಾರು ಮೂರು ಗಂಟೆ ತೋರಿಸುತ್ತದೆ. ಹಾದಿಯಿಲ್ಲದ ರಿಡ್ಜ್‌ನಲ್ಲಿ, ಭಾರದ ಚೀಲ ಹೊತ್ತ ಆರು ಜನಕ್ಕೆ ಇದನ್ನು ಕನಿಷ್ಠ ಎರಡರಿಂದ ಗುಣಿಸಿ, ವಿರಾಮವನ್ನು ಬೇರೆಯಾಗಿ ಸೇರಿಸಿ. ದೊಡ್ಡ ಬಂಡೆಗಳ ರಾಶಿ ದಾಟುವಾಗ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ಒಳ್ಳೆಯ ವೇಗವೇ. ರಿಡ್ಜ್ ನೇರವಾಗಿಯೂ ಇರುವುದಿಲ್ಲ. ನಡುನಡುವೆ ಎದ್ದು ನಿಂತ ಬಂಡೆಗೋಪುರಗಳನ್ನು ಸುತ್ತಿ ಹೋಗಬೇಕು, ಪ್ರತಿ ಸುತ್ತಿಗೂ ನಲವತ್ತು ಐವತ್ತು ಮೀಟರ್ ಇಳಿದು ಮತ್ತೆ ಹತ್ತಬೇಕು. ಈ ಚಿಲ್ಲರೆ ಏರಿಳಿತ ನಕ್ಷೆಯ ಒಟ್ಟು ಲೆಕ್ಕದಲ್ಲಿ ಅರ್ಧಕ್ಕರ್ಧ ಕಾಣುವುದೇ ಇಲ್ಲ.

ಗುಂಪಿಗೆ ತನ್ನದೇ ಗಣಿತ ಇದೆ. ಕೈಯೂರಿ ಹತ್ತಬೇಕಾದ ಒಂದು ಮೆಟ್ಟಿಗೆ ತಲಾ ಮೂರು ನಿಮಿಷವಾದರೆ ಆರು ಜನಕ್ಕೆ ಹದಿನೆಂಟು ನಿಮಿಷ. ಇಂಥ ಐದು ಮೆಟ್ಟು ಬಂದರೆ ಒಂದೂವರೆ ಗಂಟೆ ಹೋಯಿತು, ಯಾರೂ ನಿಧಾನ ಮಾಡದೆಯೇ. ಅದಕ್ಕೇ ನಾಲ್ಕರಿಂದ ಆರು ಜನ ಸರಿಯಾದ ಸಂಖ್ಯೆ ಎನ್ನುತ್ತೇನೆ. ನಾಲ್ಕಕ್ಕಿಂತ ಕಡಿಮೆಯಾದರೆ, ಒಬ್ಬರಿಗೆ ಪೆಟ್ಟಾದಾಗ ಜೊತೆಗೆ ಕೂರಲು ಒಬ್ಬರು, ಸಹಾಯಕ್ಕೆ ಇಳಿಯಲು ಇಬ್ಬರು ಸಿಗುವುದಿಲ್ಲ. ಎಂಟು ದಾಟಿದರೆ ಎರಡು ತಂಡ ಮಾಡಿ, ಪ್ರತಿ ತಂಡಕ್ಕೂ ಅದರದೇ ಟೆಂಟ್, ಸ್ಟವ್, ನಕ್ಷೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೊಡಿ. ತಂಡಗಳು ಮಂಜಿನಲ್ಲಿ ಬೇರೆಯಾದರೂ ಎರಡೂ ರಾತ್ರಿ ಕಳೆಯಬಲ್ಲವು. ಟೆಂಟಿನ ಬಟ್ಟೆ ಒಬ್ಬರ ಚೀಲದಲ್ಲಿ, ಕೋಲುಗಳು ಇನ್ನೊಂದು ತಂಡದಲ್ಲಿ ಎನ್ನುವಂತೆ ಭಾರ ಹಂಚುವುದು ದೊಡ್ಡ ತಪ್ಪು.

ನಡೆಯುವ ಸಾಲಿನಲ್ಲಿ ಅತಿ ನಿಧಾನದವರು ಎರಡನೆಯವರಾಗಿರಲಿ. ಹಿಂದೆ ಬಿಟ್ಟರೆ ಅವರು ಬಂದು ತಲುಪುವಷ್ಟರಲ್ಲಿ ಉಳಿದವರ ವಿಶ್ರಾಂತಿ ಮುಗಿದು ಎಲ್ಲರೂ ಎದ್ದು ನಿಂತಿರುತ್ತಾರೆ; ಹೆಚ್ಚು ದಣಿದವರಿಗೇ ವಿಶ್ರಾಂತಿ ಸಿಗುವುದಿಲ್ಲ. ಕೊನೆಯಲ್ಲಿ ಅನುಭವಿಯೊಬ್ಬರು, ಔಷಧಿ ಪೆಟ್ಟಿಗೆ ಅವರ ಬಳಿ. ‘ಇಲ್ಲಿ ನನಗಾಗದು’ ಎಂದು ಒಬ್ಬರು ಹೇಳಿದರೆ ಚರ್ಚೆಯಿಲ್ಲದೆ ಬೇರೆ ದಾರಿ ಹುಡುಕುವುದೆಂದು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು. ಮೇಲೆ ನಿಂತು ಗಾಳಿಯಲ್ಲಿ ಈ ಮಾತು ಶುರುಮಾಡಿದರೆ ಸಂಕೋಚದ ಸ್ವಭಾವದವರು ಬಾಯಿ ಬಿಡುವುದಿಲ್ಲ.

ಕಲ್ಲುಗಳ ಮೇಲೆ ಕಾಲಿಡುವುದಕ್ಕೂ ಶಿಸ್ತು ಬೇಕು. ಬಂಡೆಯ ನಡುವಿಗೆ, ಇಲ್ಲವೇ ಇಳಿಜಾರಿನ ಮೇಲ್ಬದಿಗೆ ಕಾಲಿಡಿ; ಕೆಳಬದಿಯ ಅಂಚಿಗೆ ಭಾರ ಬಿದ್ದರೆ ಬಂಡೆ ಮಗುಚುತ್ತದೆ. ಪೂರ್ತಿ ಭಾರ ಹಾಕುವ ಮೊದಲು ಒತ್ತಿ ನೋಡಿ. ಕಪ್ಪು ಕಲ್ಲುಹೂವು ಹಬ್ಬಿದ ಬಂಡೆ ಒಣಗಿದ್ದಾಗ ಒಳ್ಳೆಯ ಹಿಡಿತ ಕೊಡುತ್ತದೆ, ಒದ್ದೆಯಾದರೆ ನಿಲ್ಲಲೂ ಬಿಡುವುದಿಲ್ಲ. ಮಳೆ ಬಿದ್ದ ಮೇಲೆ ಬಂಡೆರಾಶಿಯನ್ನು ಸುತ್ತಿಹೋಗುವುದಕ್ಕೆ ಇನ್ನೊಂದು ಗಂಟೆ ಬಿದ್ದರೂ ಸುತ್ತಿಹೋಗುವುದೇ ಮೇಲು. ಊರುಗೋಲಿನ ಪಟ್ಟಿಯಿಂದ ಮಣಿಕಟ್ಟು ಹೊರಗಿರಲಿ. ಕೋಲು ಸಂದಿಗೆ ಸಿಕ್ಕಿಕೊಂಡಾಗ ಪಟ್ಟಿ ಹಾಕಿದವರ ಕೈಯೇ ತಿರುಚಿಕೊಳ್ಳುತ್ತದೆ. ಕೈಯೂರಬೇಕಾದ ಜಾಗ ಬಂದರೆ ಕೋಲು ಮಡಚಿ ಚೀಲದೊಳಕ್ಕೆ.

ಜಲ್ಲಿ ತುಂಬಿದ ಇಳಿಜಾರಿನಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಅಗಲ ಜಾಗವಿದ್ದರೆ ಅಡ್ಡಸಾಲಾಗಿ ಹರಡಿಕೊಂಡು ಇಳಿಯಿರಿ. ಕಿರಿದಾದ ಕೊರಕಲಾದರೆ ಒಬ್ಬೊಬ್ಬರೇ ಇಳಿದು, ಬಂಡೆಯ ಮರೆಗೆ ಸೇರಿ, ಕೂಗಿದ ಮೇಲೆ ಮುಂದಿನವರು. ಅದಕ್ಕೂ ಸಮಯವಿಲ್ಲದಿದ್ದರೆ ಒಬ್ಬರಿಗೊಬ್ಬರು ಒತ್ತಾಗಿ ಇಳಿಯಬೇಕು, ಕದಲಿದ ಕಲ್ಲು ವೇಗ ಪಡೆಯುವ ಮುನ್ನವೇ ಮುಂದಿನವರ ಕಾಲಿಗೆ ತಾಗಿ ನಿಲ್ಲುತ್ತದೆ. ಕೆಟ್ಟದ್ದು ಇವೆರಡರ ನಡುವಿನ ಅಂತರ: ಹತ್ತಿಪ್ಪತ್ತು ಮೀಟರ್ ಮೇಲಿಂದ ಬರುವ ಮುಷ್ಟಿ ಗಾತ್ರದ ಕಲ್ಲು ಮೂಳೆ ಮುರಿಯಲು ಸಾಕು. ಎಷ್ಟು ಚಿಕ್ಕ ಕಲ್ಲು ಉರುಳಿದರೂ ‘ಕಲ್ಲು!’ ಎಂದು ಗಟ್ಟಿಯಾಗಿ ಕೂಗಬೇಕು.

ಹಿಮ ಉಳಿದಿರುವ ಕಾಲದಲ್ಲಿ ರಿಡ್ಜ್‌ನ ಗಾಳಿಮರೆಯ ಬದಿಗೆ ಹಿಮದ ಸೂರು ಚಾಚಿಕೊಂಡಿರುತ್ತದೆ. ಮೇಲೆ ನಿಂತವರಿಗೆ ಅದು ಗಟ್ಟಿ ನೆಲವೇ. ಮುರಿಯುವಾಗ ಅಂಚಿನಲ್ಲಷ್ಟೇ ಮುರಿಯುವುದಿಲ್ಲ, ಕೆಳಗೆ ಬಂಡೆ ಇದೆ ಎಂದುಕೊಂಡ ಜಾಗದಿಂದಲೂ ಬಿರುಕು ಬಿಡಬಹುದು. ಕಣ್ಣಿಗೆ ಕಲ್ಲು ಕಾಣುವ ಗೆರೆ ಬಿಟ್ಟು ಆಚೆ ಹೋಗಬೇಡಿ.

ನೀರು ರಿಡ್ಜ್ ನಡಿಗೆಯ ನಿಜವಾದ ಮಿತಿ. ನೆತ್ತಿಯ ಮೇಲೆ ಝರಿ ಇರುವುದಿಲ್ಲ. ನೀರಿಲ್ಲದ ಕಡೆ ರಾತ್ರಿ ತಂಗುವುದಾದರೆ ಸಂಜೆಯ ಅಡುಗೆ, ರಾತ್ರಿಯ ಕುಡಿಯುವಿಕೆ, ಬೆಳಗಿನ ಬಿಸಿನೀರು, ಮರುದಿನ ಮಧ್ಯಾಹ್ನದವರೆಗಿನ ನಡಿಗೆ ಎಲ್ಲ ಸೇರಿ ತಲಾ 4ರಿಂದ 5 ಲೀಟರ್ ಬೇಕು. ಅಂದರೆ ಚೀಲಕ್ಕೆ 4–5 ಕಿಲೋ ಹೆಚ್ಚು ಭಾರ. ಇದನ್ನು ಹೊರುವುದಕ್ಕಿಂತ ಸಂಜೆ ಎರಡು ಶಿಖರಗಳ ನಡುವಿನ ತಗ್ಗಾದ ಸ್ಯಾಡಲ್‌ನಿಂದ ಇಬ್ಬರು ಖಾಲಿ ಚೀಲದಲ್ಲಿ 200 ಮೀಟರ್ ಇಳಿದು ಇಡೀ ಗುಂಪಿಗೆ ನೀರು ತರುವುದು ಹಲವು ಸಲ ಹಗುರ. ಹಿಮ ಕರಗಿಸುವುದಾದರೆ ಇಂಧನ ದುಪ್ಪಟ್ಟು ಇಟ್ಟುಕೊಳ್ಳಿ. ಹೊಸ ಹಿಮ ಹತ್ತು ಲೀಟರ್ ತುಂಬಿದರೆ ಒಂದು ಲೀಟರ್ ನೀರು ಬಂದೀತು. ಹಳೆಯ, ಗಟ್ಟಿ ಹಿಮ ಅದಕ್ಕಿಂತ ಬಹಳ ಲಾಭ. ಪಾತ್ರೆಯ ತಳದಲ್ಲಿ ಮೊದಲು ಸ್ವಲ್ಪ ನೀರಿರಲಿ, ಇಲ್ಲದಿದ್ದರೆ ಪಾತ್ರೆ ಸೀಯುತ್ತದೆ. ಕುದಿಸಿ ಶುದ್ಧ ಮಾಡುವುದಾದರೆ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರ್ ಮೇಲೆ ಮೂರು ನಿಮಿಷ. 4,000 ಮೀಟರ್‌ನಲ್ಲಿ ನೀರು 87 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ, ಕಾಳುಗಳು ಬೇಯುವುದಿಲ್ಲ. ಬಿಸಿನೀರು ಸುರಿದು ಮುಚ್ಚಿಟ್ಟರೆ ಸಾಕಾಗುವ ಆಹಾರವನ್ನೇ ಒಯ್ಯಿರಿ. ನೀರು ಸೋಸುವ ಕೊಳವೆ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆ ಸೀಳುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಅದೂ ಫೋನಿನ ಜೊತೆ ಸ್ಲೀಪಿಂಗ್ ಬ್ಯಾಗ್‌ಗೆ.

ಬೆಳಿಗ್ಗೆ ಹತ್ತರೊಳಗೇ ಮೋಡಗಳು ಅಗಲಕ್ಕಿಂತ ಎತ್ತರವಾಗಿ ಬೆಳೆಯುತ್ತಿದ್ದರೆ ಆ ಮಧ್ಯಾಹ್ನ ನೆತ್ತಿಯ ಮೇಲಿರಬೇಡಿ. ಗಾಳಿಯ ಒತ್ತಡದಿಂದ ಎತ್ತರ ತೋರಿಸುವ ಆಲ್ಟಿಮೀಟರ್ ಇರುವ ಗಡಿಯಾರವಿದ್ದರೆ ರಾತ್ರಿ ತಂಗಿದ ಜಾಗದ ಎತ್ತರ ಬರೆದಿಡಿ. ಬೆಳಿಗ್ಗೆ ಅದೇ ಜಾಗ 40–50 ಮೀಟರ್ ಹೆಚ್ಚು ತೋರಿಸಿದರೆ ಗಾಳಿಯ ಒತ್ತಡ ಕುಸಿದಿದೆ, ಹವೆ ಕೆಡುವ ಸೂಚನೆ. ಮಿಂಚಿಗೂ ಗುಡುಗಿಗೂ ನಡುವೆ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಸಿಡಿಲು ನಿಮ್ಮನ್ನು ಮುಟ್ಟಬಲ್ಲ ದೂರದಲ್ಲಿದೆ. ಗುರುತಿಸಿಟ್ಟ ಜಾಗದಿಂದ ಇಳಿಯಲು ಶುರುಮಾಡಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಮೇಲೆ ಬರಬೇಡಿ. ಒಂದೇ ಕಡೆ ಗುಂಪುಗೂಡಬೇಡಿ. ಇಪ್ಪತ್ತು ಮೀಟರ್ ಅಂತರ ಬಿಟ್ಟು ಕೂತರೆ ಒಂದು ಹೊಡೆತಕ್ಕೆ ಎಲ್ಲರೂ ಸಿಗುವುದಿಲ್ಲ, ಬಿದ್ದವರ ಎದೆ ಒತ್ತಲು ಯಾರಾದರೂ ಉಳಿದಿರುತ್ತಾರೆ. ಬಂಡೆಯ ಚಾಚಿನ ಕೆಳಗೆ, ಆಳವಿಲ್ಲದ ಗುಹೆಯ ಬಾಯಲ್ಲಿ ನಿಲ್ಲುವುದು ಬಯಲಿಗಿಂತ ಕೆಟ್ಟದ್ದು. ಪಾದ ಜೋಡಿಸಿ ಮಲಗುವ ಚಾಪೆಯ ಮೇಲೆ ಕುಕ್ಕರಗಾಲಲ್ಲಿ ಕೂರುವುದು ಇಳಿಯಲಾಗದವರ ಕೊನೆಯ ಉಪಾಯ, ಅದು ಕೊಡುವ ರಕ್ಷಣೆ ತೀರಾ ಕಡಿಮೆ.

ತಂಗಲು ಸ್ಯಾಡಲ್ ಸಮತಟ್ಟಾಗಿ ಕಾಣುತ್ತದೆ, ಆದರೆ ಗಾಳಿ ಹಾದುಹೋಗುವ ಬಾಗಿಲೇ ಅದು. ನೆತ್ತಿಯಿಂದ 30–50 ಮೀಟರ್ ಕೆಳಗೆ, ಗಾಳಿಮರೆಯ ಬದಿಯಲ್ಲಿ, ಮೇಲಿಂದ ಕಲ್ಲುರುಳದ ಚಿಕ್ಕ ಹಾಸು ಹುಡುಕಿ. ಗೂಟ ಇಳಿಯದ ನೆಲದಲ್ಲಿ ಟೆಂಟಿನ ಹಗ್ಗವನ್ನು ಎರಡು ಮೂರು ಕಿಲೋ ಕಲ್ಲಿಗೆ ಸುತ್ತಿ, ಅದರ ಮುಂದೆ, ಟೆಂಟಿನ ಕಡೆಗೆ, ಹತ್ತು ಕಿಲೋಗೆ ಕಡಿಮೆಯಿಲ್ಲದ ಕಲ್ಲನ್ನು ಹಗ್ಗದ ಮೇಲೆ ಕೂರಿಸಿ. ಪ್ರತಿ ಹಗ್ಗಕ್ಕೂ ಒಂದು ಮೀಟರ್ ಹೆಚ್ಚುವರಿ ದಾರ ಕಟ್ಟಿಕೊಂಡೇ ಹೋಗಬೇಕು, ಕಲ್ಲುಗಳು ನಮಗೆ ಬೇಕಾದಲ್ಲಿ ಇರುವುದಿಲ್ಲ. ಹೊರಡುವಾಗ ಕಲ್ಲುಗಳನ್ನು ಇದ್ದಲ್ಲೇ ಇಡಿ. ಎತ್ತರದ ಸಸ್ಯಗಳು ಬೆಳೆಯುವುದು ಬಹಳ ನಿಧಾನ, ಆರು ಜನ ಒಂದೇ ಸಾಲಲ್ಲಿ ತುಳಿದರೆ ಅದೇ ಹೊಸ ಹಾದಿಯಾಗುತ್ತದೆ. ಹಸಿರಿದ್ದಲ್ಲಿ ಹರಡಿಕೊಂಡು, ಆದಷ್ಟು ಕಲ್ಲು ಅಥವಾ ಹಿಮದ ಮೇಲೆ ನಡೆಯಿರಿ. ಮಣ್ಣಿದ್ದರೆ ಶೌಚಕ್ಕೆ 15–20 ಸೆಂಟಿಮೀಟರ್ ಗುಂಡಿ, ನೀರಿನಿಂದ 60 ಮೀಟರ್ ದೂರ. ಬರೀ ಬಂಡೆಯಾದರೆ ಚೀಲದಲ್ಲಿ ಕಟ್ಟಿ ಕೆಳಗೆ ತರುವುದೊಂದೇ ಸರಿ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಏರದೆ ಇರಬೇಕು. ಕಣಿವೆಯ ಚಾರಣದಲ್ಲಿ ತಲೆನೋವು, ವಾಂತಿ ಬಂದವರನ್ನು ಬಂದ ದಾರಿಯಲ್ಲಿ ಇಳಿಸಿದರಾಯಿತು. ರಿಡ್ಜ್‌ನಲ್ಲಿ ಇಳಿಯುವ ಜಾಗ ಸೇರಲು ಎರಡು ಶಿಖರ ಹತ್ತಬೇಕಾಗಬಹುದು. ಹಾಗಾಗಿ ಮೇಲೇರುವ ಮುನ್ನವೇ ಎತ್ತರಕ್ಕೆ ಒಗ್ಗಿಕೊಂಡಿರಬೇಕು, ಸಂಜೆಯ ತಲೆನೋವು ಬೆಳಿಗ್ಗೆಯೂ ಉಳಿದಿದ್ದರೆ ಆ ಗುಂಪು ಅಂದು ಮುಂದಿನ ಭಾಗಕ್ಕೆ ಕಾಲಿಡಬಾರದು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲು ಹೇಳಿ. ತೂರಾಡಿದರೆ ಮೆದುಳಿಗೆ ಊತ ಬಂದಿರುವ ಶಂಕೆ, ಕತ್ತಲಾಗಿದ್ದರೂ ಆಗಲೇ ಇಳಿಸಬೇಕು.

ಗುಂಪಿಗೆ ಉಪಗ್ರಹದ ಮೂಲಕ ಸಹಾಯದ ಸಂಕೇತ ಕಳಿಸುವ ಒಂದು 406 ಮೆಗಾಹರ್ಟ್ಸ್ ತುರ್ತು ಬೀಕನ್ ಅಥವಾ ಉಪಗ್ರಹ ಸಂದೇಶ ಸಾಧನ ಇರಲಿ. ಕೆಲವು ದೇಶಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು, ವಿಚಾರಿಸಿಯೇ ಕೊಳ್ಳಿ. ಸಾಧನ ಎಲ್ಲಿದೆ, ಹೇಗೆ ಒತ್ತಬೇಕು ಎಂಬುದು ಎಲ್ಲರಿಗೂ ಗೊತ್ತಿರಬೇಕು. ಅದನ್ನು ಹೊತ್ತವರೇ ಕೊರಕಲಿಗೆ ಬಿದ್ದಿರಬಹುದು. ಸೀಟಿ ಮಾತ್ರ ತಲಾ ಒಂದು, ಹೆಗಲಪಟ್ಟಿಗೆ ಕಟ್ಟಿರಬೇಕು. ಸಹಾಯಕ್ಕೆ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕೇಳಿಸಿಕೊಂಡವರ ಉತ್ತರ ನಿಮಿಷಕ್ಕೆ ಮೂರು. ಉತ್ತರ ಬಂದ ಮೇಲೂ, ಅವರು ಬಂದು ಮುಟ್ಟುವವರೆಗೆ, ಊದುವುದನ್ನು ನಿಲ್ಲಿಸಬೇಡಿ.