ಹೊಸ ಬೈಕಿಗೆ ಕಾರಿನ ಆಯಿಲ್

ಮೈಸೂರಿನಲ್ಲಿ ಹೊಸ ಗಾಡಿ ಕೊಂಡವರು ಮೊದಲು ಹತ್ತಿಸುವುದು ಚಾಮುಂಡಿ ಬೆಟ್ಟಕ್ಕೆ. ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಇಳಿದು ಬರುತ್ತಾರೆ. ಕಳೆದ ಭಾನುವಾರ ಬೆಳಿಗ್ಗೆ ನಮ್ಮ ರಿಪೇರಿ ಶೆಡ್ಡಿಗೆ ಬಂದ 125 ಸಿಸಿ ಬೈಕು ಪೂಜೆಯ ದಿನ ಬೆಟ್ಟವನ್ನು ಸಲೀಸಾಗಿ ಹತ್ತಿತ್ತು. ಎರಡನೇ ಸಲ ಅರ್ಧ ದಾರಿಯಲ್ಲೇ ತಿಣುಕಿತು. ಮೀಟರಿನಲ್ಲಿ ಇನ್ನೂ 1,900 ಕಿ.ಮೀ. "ಹಿಂದೆ ಅಮ್ಮ ಕೂತಿದ್ರು ಅಣ್ಣ. ಮೂರನೇ ಗೇರಲ್ಲಿ ಆಕ್ಸಿಲರೇಟರ್ ತಿರುಗಿಸಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ" ಅಂದ ಹುಡುಗ.

ಇಂಜಿನ್ನಿನ ಶಕ್ತಿಯನ್ನು ಗೇರಿಗೆ ದಾಟಿಸುವ ಕ್ಲಚ್ ಸ್ಲಿಪ್ ಆಗುತ್ತಿದೆ, ಅಂದರೆ ಹಿಡಿತ ತಪ್ಪಿ ಜಾರುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಡ. ಮೊದಲು ಕೇಬಲ್ ನೋಡಬೇಕು. ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು, ಕೇಬಲ್ ಬಿಗಿಯಾಗಿದ್ದರೆ ಕ್ಲಚ್ಚಿನ ಪ್ಲೇಟುಗಳು ಪೂರ್ತಿ ಕೂಡುವುದಿಲ್ಲ. ಇದರಲ್ಲಿ 15ರ ಹತ್ತಿರ ಇತ್ತು, ಸರಿಯಾಗೇ ಇತ್ತು. ಎರಡು ಸಾವಿರ ಕಿಲೋಮೀಟರು ಓಡದ ಗಾಡಿಯಲ್ಲಿ ಪ್ಲೇಟು ಸುಮ್ಮಸುಮ್ಮನೆ ಸವೆಯುವುದಿಲ್ಲ. ಹಾಗಾಗಿ ಕೇಳಬೇಕಾದದ್ದು ಒಂದೇ: ಒಳಗೆ ಯಾವ ಆಯಿಲ್ ಇದೆ?

ಮೊದಲ ಸರ್ವೀಸ್ ಮುಗಿದ ಮೇಲೆ ಯಾರೋ "ಕಂಪನಿ ಆಯಿಲ್ ಯಾಕೆ, ದುಬಾರಿದು ಹಾಕು, ಇಂಜಿನ್ ಬಾಳಿಕೆ ಬರುತ್ತೆ" ಅಂದರಂತೆ. ಒಂದು ಬಿಡಿಭಾಗದ ಅಂಗಡಿಯಲ್ಲಿ ಕೊಟ್ಟದ್ದನ್ನು ತಂದು ಹಾಕಿಸಿದ್ದಾನೆ. ಪುಣ್ಯಕ್ಕೆ ಉಳಿದ ಆಯಿಲಿನ ಸಮೇತ ಡಬ್ಬ ಬ್ಯಾಗಿನಲ್ಲೇ ಇತ್ತು. ಫುಲ್ ಸಿಂಥೆಟಿಕ್, ಮಂದತೆಯ ಗ್ರೇಡ್ 5ಡಬ್ಲ್ಯು-30, ಅಮೆರಿಕದ ಗುಣಮಟ್ಟದ ದರ್ಜೆ ಎಪಿಐ ಎಸ್‌ಪಿ. ಆಯಿಲ್ ಒಳ್ಳೆಯದೇ, ನಕಲಿಯೂ ಅಲ್ಲ. ಆದರೆ ಡಬ್ಬದ ಹಿಂದಿನ ದುಂಡು ಮುದ್ರೆಯ ಕೆಳಗಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ "ರಿಸೋರ್ಸ್ ಕನ್ಸರ್ವಿಂಗ್", ಅಂದರೆ ಇಂಧನ ಉಳಿಸುವಂಥದ್ದು, ಎಂದು ಬರೆದಿತ್ತು. ಬೈಕಿನ ಆಯಿಲಿನ ದರ್ಜೆ ಹೇಳುವ ಜಾಸೊ ಎಂಬ ಪದ ಎಲ್ಲೂ ಇರಲಿಲ್ಲ. ಅದು ಪೆಟ್ರೋಲ್ ಕಾರಿನ ಆಯಿಲ್.

ಕಾರಿನಲ್ಲಿ ಇಂಜಿನ್ ಆಯಿಲ್ ಇಂಜಿನ್ನಿಗೆ ಮಾತ್ರ. ಗೇರ್ ಬಾಕ್ಸಿಗೆ ಬೇರೆ ಆಯಿಲ್, ಮಾಮೂಲಿ ಗೇರಿನ ಕಾರಿನ ಕ್ಲಚ್ಚು ಒಣಗಿರುತ್ತದೆ. ಬೈಕಿನಲ್ಲಿ ಹಾಗಲ್ಲ. ಪಿಸ್ಟನ್ನು, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಆಯಿಲ್. ಕ್ಲಚ್ಚಿನ ನಾಲ್ಕೈದು ಫ್ರಿಕ್ಷನ್ ಪ್ಲೇಟುಗಳು ಆ ಆಯಿಲಿನಲ್ಲಿ ನೆನೆದುಕೊಂಡೇ ಉಕ್ಕಿನ ಪ್ಲೇಟುಗಳನ್ನು ಹಿಡಿಯಬೇಕು. ಮೈಲೇಜ್ ಹೆಚ್ಚಲಿ ಎಂದು ಕಾರಿನ ಆಯಿಲಿಗೆ ಜಾರಿಕೆ ಕೊಡುವ ರಾಸಾಯನಿಕ ಬೆರೆಸಿರುತ್ತಾರೆ, ಕೆಲವದರಲ್ಲಿ ಮಾಲಿಬ್ಡಿನಂ ಕೂಡ ಇರುತ್ತದೆ. ಸಿಲಿಂಡರಿಗೆ ಒಳ್ಳೆಯದಾದ ಆ ಜಾರಿಕೆಯೇ ಕ್ಲಚ್ಚಿನ ಹಿಡಿತ ತಪ್ಪಿಸುತ್ತದೆ. ಸಮತಟ್ಟಿನಲ್ಲಿ ಒಬ್ಬರೇ ಹೋಗುವಾಗ ಗೊತ್ತಾಗದೆ ಇರಬಹುದು. ಏರು ಬಂದು ಹಿಂದೆ ಒಬ್ಬರು ಕೂತರೆ ಬಯಲಾಗುತ್ತದೆ. ಕ್ಲಚ್ ಸ್ಪ್ರಿಂಗ್ ಗಟ್ಟಿಯಿದ್ದ ಕೆಲವು ಬೈಕುಗಳು ತಡೆದುಕೊಳ್ಳುತ್ತವೆ. ಅದನ್ನು ನೋಡಿ "ನಂದರಲ್ಲಿ ಏನೂ ಆಗಿಲ್ಲ" ಅನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ, ಇನ್ನೊಬ್ಬರ ಗಾಡಿಗೆ ಅನ್ವಯಿಸುವುದಿಲ್ಲ ಅಷ್ಟೆ.

ಇದಕ್ಕೆಂದೇ ಜಪಾನಿನವರು 1998ರಲ್ಲಿ ಜಾಸೊ ದರ್ಜೆ ತಂದರು. ಎಂಎ ಅಂದರೆ ಆಯಿಲಿನಲ್ಲಿ ನೆನೆಯುವ ಕ್ಲಚ್ಚಿಗೆ ಸರಿಯಾದದ್ದು, ಎಂಎ2 ಅದರಲ್ಲೇ ಹೆಚ್ಚು ಹಿಡಿತದ್ದು. ಎಂಬಿ ಅಂದರೆ ಜಾರಿಕೆ ಹೆಚ್ಚಿರುವ ಆಯಿಲ್, ಗೇರಿಲ್ಲದ ಸ್ಕೂಟರಿಗೆ. ಸ್ಕೂಟರಿನ ಕ್ಲಚ್ಚು ಬೆಲ್ಟಿನ ಕಡೆ ಒಣಗೇ ಇರುವುದರಿಂದ ತೊಂದರೆಯಿಲ್ಲ. ಸ್ಕೂಟರಿಗೆ ಎಂಎ ಹಾಕಿದರೆ ಕೆಡುವುದಿಲ್ಲ, ಮೈಲೇಜ್ ಒಂಚೂರು ಇಳಿಯಬಹುದು. ಬೈಕಿಗೆ ಎಂಬಿ ಹಾಕಿದರೆ ಈ ಹುಡುಗನ ಕಥೆಯೇ ಆಗುತ್ತದೆ. ಮನೆಯಲ್ಲಿ ಒಂದು ಸ್ಕೂಟರು ಒಂದು ಬೈಕು ಇರುವವರು ಡಬ್ಬ ಅದಲುಬದಲು ಮಾಡುವುದು ತೀರಾ ಸಾಮಾನ್ಯ, ಎರಡಕ್ಕೂ 10ಡಬ್ಲ್ಯು-30 ಅಂತಲೇ ಬರೆದಿರುತ್ತದಲ್ಲ!

ಅವನ ಬೈಕಿನ ಪುಸ್ತಕ ತೆಗೆಸಿ ನೋಡಿದೆವು. 10ಡಬ್ಲ್ಯು-30, ಎಪಿಐ ಎಸ್‌ಎಲ್ ಅಥವಾ ಮೇಲಿನದು, ಜಾಸೊ ಎಂಎ2. ಬರೀ ಆಯಿಲ್ ಬದಲಿಸುವಾಗ 800 ಮಿ.ಲೀ., ಇಂಜಿನ್ ಬಿಚ್ಚಿದರೆ ಒಂದು ಲೀಟರ್. ಇಷ್ಟು ಓದಿಕೊಂಡರೆ ಅಂಗಡಿಯವರ ಮಾತು ಕೇಳಬೇಕಾಗಿಲ್ಲ.

"ನಮ್ಮ ಬಿಸಿಲಿಗೆ ಗಟ್ಟಿ ಆಯಿಲೇ ಬೇಕಲ್ವಾ, 20ಡಬ್ಲ್ಯು-50 ಹಾಕಿಬಿಡಿ" ಎಂದು ಪಕ್ಕದಲ್ಲಿ ನಿಂತಿದ್ದ ಹಿರಿಯರು ಹೇಳಿದರು. ಊರಿನಲ್ಲೇ ಜಾವಾ, ಯಜ್ಡಿ ತಯಾರಾಗುತ್ತಿದ್ದ ಕಾಲದಲ್ಲಿ ಗಾಡಿ ಓಡಿಸಿದವರು, ಪೆಟ್ರೋಲಿಗೇ ಆಯಿಲ್ ಬೆರೆಸಿದವರು. ಆಗ ಒಂದು ಹನಿ ಹೆಚ್ಚಾದರೆ ಹೊಗೆ ಬರುತ್ತಿತ್ತು, ಕಡಿಮೆಯಾದರೆ ಪಿಸ್ಟನ್ ಸೀಜ್ ಆಗುತ್ತಿತ್ತು. ಹೆಚ್ಚು, ಗಟ್ಟಿ ಎಂದರೆ ಸುರಕ್ಷಿತ ಎಂಬ ನಂಬಿಕೆ ಅಲ್ಲಿಂದ ಬಂದದ್ದು. ಈಗಿನ ಇಂಜಿನ್ನಿಗೆ ಅದು ಹೊಂದುವುದಿಲ್ಲ. ಡಬ್ಲ್ಯು ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸರಾಗ ಎಂಬುದು: 20ಡಬ್ಲ್ಯು ಅನ್ನು ಮೈನಸ್ 15 ಡಿಗ್ರಿಯಲ್ಲಿ, 10ಡಬ್ಲ್ಯು ಅನ್ನು ಮೈನಸ್ 25ರಲ್ಲಿ ಪರೀಕ್ಷಿಸುತ್ತಾರೆ. ಕೊನೆಯ ಅಂಕಿ 100 ಡಿಗ್ರಿಯಲ್ಲಿ ಎಷ್ಟು ಮಂದ ಎಂಬುದು. 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ಮಂದತೆಯ ಅಳತೆ), 40 ಅಂದರೆ 12.5ರಿಂದ 16.3. ಹೊರಗೆ 25 ಡಿಗ್ರಿ ಇರಲಿ 38 ಇರಲಿ, ಆಯಿಲ್ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಲ್ಲೇ ಕೆಲಸ ಮಾಡುತ್ತದೆ, ಇಂಜಿನ್ ಮಾಡಿದವರು ಆ ಲೆಕ್ಕ ಹಾಕಿಯೇ ಗ್ರೇಡ್ ಬರೆದಿರುತ್ತಾರೆ. ಹೊಸ ಇಂಜಿನ್ನಿನ ಸಂದುಗಳು ತೀರಾ ಸಣ್ಣ. ಬೆಳಿಗ್ಗೆ ಕಿಕ್ ಹೊಡೆದಾಗ ಆಯಿಲ್ ತಳದಿಂದ ಮೇಲಿನ ಕ್ಯಾಮಿನವರೆಗೆ ಬೇಗ ಏರಬೇಕು, ಗಟ್ಟಿಯದ್ದು ಏರುವಷ್ಟರಲ್ಲಿ ಲೋಹಕ್ಕೆ ಲೋಹ ಉಜ್ಜುತ್ತಿರುತ್ತದೆ. ಪಿಕಪ್ಪೂ ಮೈಲೇಜೂ ಇಳಿಯುತ್ತವೆ. ಪುಸ್ತಕದಲ್ಲೇ 15ಡಬ್ಲ್ಯು-50 ಬರೆದಿರುವ ದೊಡ್ಡ ಬೈಕುಗಳಿವೆ, ಅವಕ್ಕೆ ಅದೇ ಸರಿ.

ಇಂಜಿನ್ ಮೂರು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ ಡ್ರೇನ್ ಬೋಲ್ಟ್ ಬಿಚ್ಚಿದೆವು. ಕೊನೆಯ ಹನಿ ಬೀಳುವವರೆಗೆ ಕಾಯಬೇಕು, ಹತ್ತು ನಿಮಿಷ. ಟ್ರೇಯಿಂದ ಒಂದಿಷ್ಟು ಆಯಿಲನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿದರೆ ಬಹಳ ತಿಳಿಯುತ್ತದೆ. ಕಪ್ಪಾಗಿದ್ದರೆ ಕೆಟ್ಟಿದೆ ಅಂತಲ್ಲ, ಮಸಿ ತೊಳೆದುಕೊಂಡಿದೆ ಅಂತ. ಹಿಟ್ಟಿನಷ್ಟು ಸಣ್ಣಗೆ ಮಿನುಗುವ ಪುಡಿ ಹೊಸ ಇಂಜಿನ್ನಿನಲ್ಲಿ ಸಹಜ, ಮೊದಲ ಆಯಿಲನ್ನು 500ರಿಂದ 1,000 ಕಿಲೋಮೀಟರಿನೊಳಗೆ ತೆಗೆಸುವುದು ಅದಕ್ಕೇ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮಾತ್ರ ಹೆದರಬೇಕು. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಇವನದರಲ್ಲಿ ಅದ್ಯಾವುದೂ ಇರಲಿಲ್ಲ. ಕಂದು ಬಣ್ಣದ ಸಣ್ಣ ನಾರಿನ ತುಣುಕು ಎರಡು ಮೂರು ಬೆರಳಿಗಂಟಿದವು, ಸುಟ್ಟ ವಾಸನೆ ಸ್ವಲ್ಪವೇ ಇತ್ತು. ಪ್ಲೇಟು ಉಜ್ಜಿದೆ, ಪೂರ್ತಿ ಸುಟ್ಟಿಲ್ಲ.

ಬೋಲ್ಟಿನ ಅಲ್ಯೂಮಿನಿಯಂ ವಾಷರ್ ಪ್ರತಿ ಸಲ ಹೊಸದು ಹಾಕಬೇಕು. ಕೆಲವೇ ರೂಪಾಯಿಯ ವಸ್ತು, ಹಳೆಯದು ಚಪ್ಪಟೆಯಾಗಿ ಜಿನುಗುತ್ತದೆ. ಜಿನುಗುತ್ತದೆಂದು ಉದ್ದ ಸ್ಪ್ಯಾನರ್ ಹಾಕಿ ಒತ್ತಿದರೆ ಇಂಜಿನ್ನಿನ ಕೆಳಗಿನ ಕವಚವಾದ ಕ್ರ್ಯಾಂಕ್ ಕೇಸಿನ ಥ್ರೆಡ್ಡೇ ಕಿತ್ತುಬರುತ್ತದೆ. ಬೋಲ್ಟು ಉಕ್ಕು, ಕೇಸು ಅಲ್ಯೂಮಿನಿಯಂ, ಸೋಲುವುದು ಕೇಸು. ಈ ಅಳತೆಯ ಬಹುತೇಕ ಬೈಕುಗಳಿಗೆ 25 ನ್ಯೂಟನ್-ಮೀಟರ್ ಆಸುಪಾಸಿನ ಬಿಗಿತ ಸಾಕು.

ಪುಸ್ತಕ ಹೇಳಿದ ದರ್ಜೆಯ ಹೊಸ ಆಯಿಲಿನ ಡಬ್ಬವನ್ನು ಮಗುಚದೆ ಮೊದಲು 700 ಮಿ.ಲೀ. ಅಳೆದು ಹಾಕಿ, ಮೂರು ನಿಮಿಷ ಓಡಿಸಿ, ಮೂರು ನಿಮಿಷ ಬಿಟ್ಟು, ಆಯಿಲ್ ಮಟ್ಟ ನೋಡುವ ಕಡ್ಡಿ ಒರೆಸಿ ನೋಡಿದೆವು. ಈ ಬೈಕಿನಲ್ಲಿ ಕಡ್ಡಿಯನ್ನು ತಿರುಗಿಸದೆ ಸುಮ್ಮನೆ ಇಳಿಸಿ ನೋಡಬೇಕು. ತಿರುಗಿಸಿ ನೋಡಿದರೆ ಕಡ್ಡಿ ಇನ್ನೂ ಕೆಳಗಿಳಿದು, ಇಲ್ಲದ ಆಯಿಲ್ ಇದ್ದಂತೆ ತೋರಿಸುತ್ತದೆ. ಮೇಲಿನ ಗೆರೆಗೆ ಒಂಚೂರು ಕೆಳಗೆ ಬರುವವರೆಗೆ ತುಂಬಿಸಿ ನಿಲ್ಲಿಸಿದೆವು. ಗೆರೆ ದಾಟಿದರೆ ಕ್ರ್ಯಾಂಕು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಇಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ನುಗ್ಗುತ್ತದೆ.

ಪ್ಲೇಟು ಕುಡಿದಿರುವ ಕಾರಿನ ಆಯಿಲ್ ಒಂದೇ ಸಲಕ್ಕೆ ಬಿಡುವುದಿಲ್ಲ. ಈ ಹೊಸ ಆಯಿಲಿನಲ್ಲಿ 300 ಕಿ.ಮೀ. ಓಡಿಸಿ ಮತ್ತೆ ಇದೇ ದರ್ಜೆಯದ್ದು ಬದಲಿಸಬೇಕು, ಅಲ್ಲಿಯವರೆಗೆ ಏರಿನಲ್ಲಿ ಇಬ್ಬರು ಬೇಡ ಎಂದೆವು. ಆಮೇಲೂ ಜಾರಿದರೆ ಪ್ಲೇಟ್ ಬಿಚ್ಚಲೇಬೇಕು.

ಅಷ್ಟರಲ್ಲಿ ಹೊಸ ಸ್ಕೂಟರ್ ತಂದ ಅಕ್ಕನಿಗೆ ಹಿಂದಿನ ಚಕ್ರದ ಗೇರ್ ಆಯಿಲ್ ಬೇರೆಯೇ ಇದೆ ಎಂಬುದು ಗೊತ್ತಿರಲಿಲ್ಲ. ನೂರು ಚಿಲ್ಲರೆ ಮಿ.ಲೀ. ಅಷ್ಟೆ, ಆದರೆ ಮರೆತರೆ ಬೇರಿಂಗ್ ಕೂಗುತ್ತದೆ. 2020ರ ನಂತರದ ಬಿಎಸ್6 (ಹೊಗೆ ನಿಯಮದ ಹಂತ) ಡೀಸೆಲ್ ಕಾರಿನವರೂ ಹೀಗೆಯೇ ಡಬ್ಬದ ಮೇಲೆ ಯುರೋಪಿನ ದರ್ಜೆಯಾದ ಎಸಿಇಎ ಸಿ2 ಅಥವಾ ಸಿ3, ಪುಸ್ತಕ ಹೇಳಿದ್ದನ್ನೇ ನೋಡಬೇಕು. ಬೂದಿ ಹೆಚ್ಚಿರುವ ಹಳೆಯ ಡೀಸೆಲ್ ಆಯಿಲ್ ಹಾಕಿದರೆ ಹೊಗೆ ಸೋಸುವ ಡಿಪಿಎಫ್ ಕಟ್ಟಿಕೊಳ್ಳುತ್ತದೆ, ಆ ಬೂದಿ ಸುಟ್ಟು ಹೋಗುವಂಥದ್ದಲ್ಲ.

ಬಿಚ್ಚಿದ ಆಯಿಲನ್ನು ಹುಡುಗ ಮನೆಗೆ ಕೇಳಿದ, ಬಾಗಿಲಿಗೆ ಗೆದ್ದಲು ಹತ್ತಿದೆಯಂತೆ. ಕೊಡಲಿಲ್ಲ. ಅದು ಅಪಾಯಕಾರಿ ತ್ಯಾಜ್ಯ, ಮಣ್ಣಿಗೂ ಮೋರಿಗೂ ಸೇರಬಾರದು, ಡ್ರಮ್ಮಿಗೆ ಸುರಿದು ಸಂಗ್ರಹಿಸುವವರಿಗೇ ಕೊಡಬೇಕು. ಅರ್ಧ ಉಳಿದಿದ್ದ ಕಾರಿನ ಆಯಿಲ್ ಡಬ್ಬಕ್ಕೆ "ಬೈಕಿಗೆ ಬೇಡ" ಎಂದು ಮಾರ್ಕರಿನಲ್ಲಿ ಬರೆದು, ಕಾರಿರುವ ಅವರ ಮಾವನಿಗೆ ಕೊಡಲು ಕಳಿಸಿದೆವು.