ಸರಿದರೋ, ಸರಿಸಿದರೋ

ಇಂಗ್ಲಿಷ್ ಏಜೆನ್ಸಿ ಕಾಪಿಯನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ಕ್ರೀಡಾ ಪುಟದ ಡೆಸ್ಕು. ಕೈದಾಟಿ ಹೋದ ಸುದ್ದಿಗಳಿಗೆ ಲೆಕ್ಕವಿಲ್ಲ, ಆದರೆ 2023ರ ಮಾರ್ಚ್ 10ರ ರಾತ್ರಿ ಬಂದ ಒಂದು ಸುದ್ದಿ ಈಗಲೂ ತಲೆಯಲ್ಲಿ ಕೂತಿದೆ. ಅದರಲ್ಲಿದ್ದ ಒಂದೇ ಒಂದು ಕ್ರಿಯಾಪದದ ಕಾರಣಕ್ಕೆ.

ಗ್ಯಾರಿ ಲಿನೇಕರ್ ಗೊತ್ತಲ್ಲ, 1986ರ ವಿಶ್ವಕಪ್‌ನಲ್ಲಿ ಆರು ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದವರು. 1999ರಿಂದ ಬಿಬಿಸಿಯ ಫುಟ್‌ಬಾಲ್ ಕಾರ್ಯಕ್ರಮ ‘ಮ್ಯಾಚ್ ಆಫ್ ದ ಡೇ’ ನಡೆಸಿಕೊಡುತ್ತಿದ್ದರು. ಆ ವಾರ ಬ್ರಿಟನ್ ಸರ್ಕಾರ ವಲಸಿಗರ ಬಗ್ಗೆ ಹೊಸ ಮಸೂದೆ ತಂದಾಗ, ಅದು ಮಿತಿಯಿಲ್ಲದಷ್ಟು ಕ್ರೂರ ನೀತಿ, ಬಳಸುತ್ತಿರುವ ಭಾಷೆ 30ರ ದಶಕದ ಜರ್ಮನಿಯ ಭಾಷೆಗಿಂತ ಬೇರೆಯೇನಲ್ಲ ಎಂದು ಟ್ವೀಟ್ ಮಾಡಿದರು. ಮೂರು ದಿನದ ನಂತರ ಬಿಬಿಸಿ ಹೇಳಿಕೆ ಕೊಟ್ಟಿತು. ಸೋಷಿಯಲ್ ಮೀಡಿಯಾ ಬಳಕೆಯ ಬಗ್ಗೆ ಸ್ಪಷ್ಟ ಒಪ್ಪಂದ ಆಗುವವರೆಗೆ ಅವರು ಕಾರ್ಯಕ್ರಮದಿಂದ ‘ಹಿಂದೆ ಸರಿಯುತ್ತಾರೆ’ ಎಂದು ನಾವು ತೀರ್ಮಾನಿಸಿದ್ದೇವೆ, ಅಂತ.

ಈ ವಾಕ್ಯವನ್ನು ಇನ್ನೊಮ್ಮೆ ಓದಿ. ತೀರ್ಮಾನ ಒಬ್ಬರದು, ಸರಿಯುವವರು ಇನ್ನೊಬ್ಬರು.

ಡೆಸ್ಕಿನ ಹುಡುಗ ‘ಹಿಂದೆ ಸರಿದ ಲಿನೇಕರ್’ ಎಂದು ತಲೆಬರಹ ಕೊಟ್ಟಿದ್ದ. ‘ಸರ್, ಎರಡು ಕಾಲಂಗೆ ಸರಿಯಾಗಿ ಕೂರುತ್ತೆ’ ಅಂದ. ಕೂರುತ್ತಿತ್ತು ನಿಜ. ಆದರೆ ನಮ್ಮ ಭಾಷೆಯಲ್ಲಿ ಸರಿದರು ಬೇರೆ, ಸರಿಸಿದರು ಬೇರೆ. ನಡುವೆ ಇರುವುದು ಒಂದೇ ಅಕ್ಷರ, ‘ಸಿ’. ಅದು ಬಿಟ್ಟುಹೋದರೆ ಮಾಡಿದವರೇ ಕಾಣೆಯಾಗುತ್ತಾರೆ. ಲಿನೇಕರ್ ತಾವಾಗಿ ಸರಿಯಲು ಒಪ್ಪಿರಲಿಲ್ಲ ಎಂಬ ಮಾತು ಸ್ವಲ್ಪ ಹೊತ್ತಿನಲ್ಲೇ ಹೊರಬಿತ್ತು. ನಾವು ‘ಲಿನೇಕರ್‌ರನ್ನು ಸರಿಸಿದ ಬಿಬಿಸಿ’ ಎಂದು ಹಾಕಿದೆವು.

ಆ ರಾತ್ರಿ ಪುಟ ಮುಗಿಸಿದ ಮೇಲೂ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಬ್ರಿಟನ್ನಿನ ಒಂದೊಂದೇ ಪತ್ರಿಕೆಯ ವೆಬ್‌ಸೈಟ್ ತೆರೆದು ಓದುತ್ತಾ ಕೂತೆ. ಮೊದಲ ಗಂಟೆಗಳಲ್ಲಿ ಬಿಬಿಸಿ ತನ್ನ ಹೇಳಿಕೆಯ ಪದವನ್ನೇ ಸುದ್ದಿಯಲ್ಲೂ ಇಟ್ಟುಕೊಂಡಿತ್ತು. ಬೇರೆ ಕಡೆ ‘ಅಮಾನತು’, ‘ತೆರೆಯಿಂದ ಇಳಿಸಲಾಯಿತು’ ಎಂಬ ಮಾತುಗಳೂ ಇದ್ದವು. ಮುಂದಿನ ದಿನಗಳಲ್ಲಿ ಡೇಲಿ ಮೇಲ್ ಓದುವವರ ಕಣ್ಣಿಗೆ ಬೀಳುತ್ತಿದ್ದದ್ದು ಲಿನೇಕರ್‌ರ ವರ್ಷದ 13.5 ಲಕ್ಷ ಪೌಂಡ್ ಸಂಬಳ. ಗಾರ್ಡಿಯನ್ ಓದುವವರ ಕಣ್ಣಿಗೆ ಬಿಬಿಸಿ ಅಧ್ಯಕ್ಷ ರಿಚರ್ಡ್ ಶಾರ್ಪ್. ಬೋರಿಸ್ ಜಾನ್ಸನ್‌ಗೆ ಸಿಕ್ಕ 8 ಲಕ್ಷ ಪೌಂಡ್ ಸಾಲದ ಖಾತರಿಯ ವಿಷಯದಲ್ಲಿ ಶಾರ್ಪ್ ಹೆಸರು ಅದಾಗಲೇ ಓಡಾಡುತ್ತಿತ್ತು, ಏಪ್ರಿಲ್‌ನಲ್ಲಿ ರಾಜೀನಾಮೆಯನ್ನೂ ಕೊಟ್ಟರು. ಸಂಬಳವೂ ನಿಜ, ಸಾಲವೂ ನಿಜ. ಯಾವುದು ಮೊದಲ ಪ್ಯಾರಾದಲ್ಲಿ, ಯಾವುದು ಹತ್ತನೆಯದರಲ್ಲಿ ಅನ್ನೋದರಲ್ಲೇ ಪತ್ರಿಕೆಯ ಒಲವು ಗೊತ್ತಾಗಿಬಿಡುತ್ತೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಕೆಲವು ವರದಿಗಳಲ್ಲಿದ್ದ ‘ನಾಜಿ’ ಎಂಬ ಪದಕ್ಕೆ. ಟ್ವೀಟಿನಲ್ಲಿ ಆ ಪದವೇ ಇಲ್ಲ. ಲಿನೇಕರ್ ಹೋಲಿಸಿದ್ದು ಭಾಷೆಯನ್ನು ಭಾಷೆಗೆ. ಅವರು ಹೇಳಿದ್ದು ಯಾವ ಜರ್ಮನಿ ಎಂದು ಎಲ್ಲರಿಗೂ ಗೊತ್ತು, ಒಪ್ಪುತ್ತೇನೆ. ಹೋಲಿಕೆ ಅತಿಯಾಯಿತು ಎನ್ನುವವರಿಗೂ ಅವರ ಕಾರಣಗಳಿವೆ. ಆದರೆ ‘ಸರ್ಕಾರದ ನೀತಿಯನ್ನು ನಾಜಿಗಳಿಗೆ ಹೋಲಿಸಿದರು’ ಎಂದು ಬರೆದಾಗ ಎರಡು ಹೆಜ್ಜೆ ದಾಟಿದ ಹಾಗಾಯಿತು. ಭಾಷೆ ಹೋಗಿ ನೀತಿ ಬಂತು, ದಶಕ ಹೋಗಿ ಪಕ್ಷ ಬಂತು. ಮೂಲ ಟ್ವೀಟನ್ನು ಪೂರ್ತಿ ಕೊಟ್ಟು, ಆಮೇಲೆ ಟೀಕೆ ಮಾಡಿದ ವರದಿಗಳ ಮೇಲೆ ನನಗೆ ಗೌರವವಿದೆ. ಆರೇಳು ಪದ ಕಿತ್ತುಕೊಂಡು ಓಡಿದವುಗಳ ಮೇಲೆ ಇಲ್ಲ.

ಕಾರ್ಯಕ್ರಮದ ವಿಶ್ಲೇಷಕರಾದ ಇಯಾನ್ ರೈಟ್, ಅಲನ್ ಶಿಯರರ್ ನಾವೂ ಬರುವುದಿಲ್ಲ ಎಂದರು, ಕಾಮೆಂಟೇಟರ್‌ಗಳೂ ಹಾಗೇ. ಶನಿವಾರ ಕಾರ್ಯಕ್ರಮ ಬರೀ 20 ನಿಮಿಷ ಬಂತು. ನಿರೂಪಕರಿಲ್ಲ, ವೀಕ್ಷಕ ವಿವರಣೆ ಇಲ್ಲ, ಕ್ರೀಡಾಂಗಣದ ಗದ್ದಲವಷ್ಟೇ. ನೋಡಿದವರು 25.8 ಲಕ್ಷ, ಹಿಂದಿನ ವಾರಕ್ಕಿಂತ ಸುಮಾರು ಐದು ಲಕ್ಷ ಹೆಚ್ಚು. ಇದನ್ನು ಕೆಲವರು ‘ಮಾತಾಡೋರು ಬೇಡವೇ ಬೇಡ ಅನ್ನೋದಕ್ಕೆ ಸಾಕ್ಷಿ’ ಎಂದರು, ಕೆಲವರು ‘ಕುತೂಹಲಕ್ಕೆ ನೋಡಿದರು’ ಎಂದರು. ಅಂಕಿ ಅಷ್ಟನ್ನು ಹೇಳೋದೇ ಇಲ್ಲ. ಎಷ್ಟು ಜನ ಅನ್ನುತ್ತದೆ, ಯಾಕೆ ಅನ್ನುವುದಿಲ್ಲ.

ಬಿಬಿಸಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಸಂಸ್ಥೆಯ ಆಗಿನ ಮಹಾನಿರ್ದೇಶಕ ಟಿಮ್ ಡೇವಿ ಆ ಹೊತ್ತಿಗೆ ವಾಷಿಂಗ್ಟನ್‌ನಲ್ಲಿದ್ದರು. ರಾಜೀನಾಮೆ ಕೊಡುತ್ತೀರಾ ಎಂದು ಅವರನ್ನು ಕ್ಯಾಮೆರಾ ಮುಂದೆ ಕೇಳಿದ್ದು ಬಿಬಿಸಿಯದೇ ವರದಿಗಾರ್ತಿ. ತಾನು ಕೆಲಸ ಮಾಡುವ ಸಂಸ್ಥೆಯ ಮುಖ್ಯಸ್ಥನಿಗೆ ಹಾಗೆ ಕೇಳುವುದು ಎಷ್ಟು ಕಷ್ಟ ಎಂದು ಸುದ್ದಿಮನೆಯಲ್ಲಿ ಇರುವವರಿಗೆ ಗೊತ್ತು. ಆ ತುಣುಕನ್ನು ನಾನು ಮೂರು ಸಲ ನೋಡಿದೆ.

ಸೋಮವಾರ, 13ರಂದು, ಡೇವಿ ಕ್ಷಮೆ ಕೇಳಿದರು. ಲಿನೇಕರ್ ವಾಪಸ್ ಬರುವುದು ಖಚಿತವಾಯಿತು, ಸೋಷಿಯಲ್ ಮೀಡಿಯಾ ಮಾರ್ಗಸೂಚಿಗಳ ಸ್ವತಂತ್ರ ಪರಿಶೀಲನೆಯೂ ಘೋಷಣೆಯಾಯಿತು. ನಾನು ಡೆಸ್ಕಿಗೆ ಹೋಗುವಷ್ಟರಲ್ಲಿ ಹುಡುಗ ತಲೆಬರಹ ಟೈಪ್ ಮಾಡಿಟ್ಟಿದ್ದ. ‘ಮರಳಿದ ಲಿನೇಕರ್’ ಎಂದು ಬರೆದು, ಅಳಿಸಿ, ಕೆಳಗೆ ಇನ್ನೊಂದು: ‘ಲಿನೇಕರ್‌ರನ್ನು ಮರಳಿ ಕರೆಸಿದ ಬಿಬಿಸಿ’.