ಒಂದೇ ಡ್ರಾಪ್‌ಡೌನ್, ಹತ್ತು ಟೈಪ್ ತಕರಾರು

ನಮ್ಮ ಮೆಟ್ರೋ ನಿಲ್ದಾಣಗಳನ್ನು ತೋರಿಸುವ ಒಂದು ಡ್ರಾಪ್‌ಡೌನ್ ಇದೆ ಎನ್ನಿ. ಅದೇ ರಿಯಾಕ್ಟ್ ಕಾಂಪೊನೆಂಟ್‌ಗೆ (ವೆಬ್ ಪುಟದ ಮರುಬಳಕೆಯ ತುಣುಕಿಗೆ) ನಾಳೆ ಬಸ್ ಮಾರ್ಗಗಳೂ ಹೊಂದಬೇಕು, ಹಾಗಾಗಿ ಟೈಪ್‌ಸ್ಕ್ರಿಪ್ಟ್‌ನಲ್ಲಿ (ಟೈಪ್ ತಪಾಸಣೆ ಇರುವ ಜಾವಾಸ್ಕ್ರಿಪ್ಟ್‌ನಲ್ಲಿ) ಅದನ್ನು 'ಟಿ' ಎಂಬ ಜೆನೆರಿಕ್ (ಬಳಸುವಾಗ ನಿರ್ಧಾರವಾಗುವ ಟೈಪ್) ಮೇಲೆ ಕಟ್ಟುತ್ತೇವೆ. ತಲೆನೋವು ಶುರುವಾಗುವುದೇ ಇಲ್ಲಿ.

ಹೆಚ್ಚು ಕಾಡುವುದು ಟೈಪ್ ಹೊಂದುತ್ತಿಲ್ಲ ಎನ್ನುವ 2322 ಸಂಖ್ಯೆಯ ಎರರ್. ಆಯ್ದ ಮೌಲ್ಯದ ಪ್ರಾಪ್‌ಗೆ (ಕಾಂಪೊನೆಂಟಿಗೆ ಹೊರಗಿನಿಂದ ಕೊಡುವ ಮಾಹಿತಿಗೆ) ಕಾಂಪೊನೆಂಟಿನ ಒಳಗೇ ಖಾಲಿ ಸ್ಟ್ರಿಂಗನ್ನು ಡೀಫಾಲ್ಟ್ ಕೊಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ಅದರ ಮಾತು ನ್ಯಾಯವೇ: 'ಟಿ' ಎಂದರೆ ಮೆಜೆಸ್ಟಿಕ್, ಇಂದಿರಾನಗರ ಎಂಬ ಎರಡೇ ಹೆಸರು ಇರಬಹುದು, ಖಾಲಿ ಸ್ಟ್ರಿಂಗ್ ಅದರಲ್ಲಿ ಇಲ್ಲ. ಟೈಪ್ ತಪಾಸಣೆಯನ್ನೇ ಬಿಡಿಸುವ 'ಆ್ಯಸ್ ಎನಿ' ಬರೆದು ಬಾಯಿ ಮುಚ್ಚಿಸಬೇಡಿ. ಪ್ರಾಪ್‌ನ ಟೈಪನ್ನು 'ಟಿ ಅಥವಾ ನಲ್' (ನಲ್ ಎಂದರೆ ಮೌಲ್ಯವೇ ಇಲ್ಲ) ಮಾಡಿ, ಡೀಫಾಲ್ಟ್ ಆಗಿ ನಲ್ ಕೊಡಿ.

ಇದಕ್ಕಿಂತ ಅಪಾಯ, ಎರರ್ ಬರಬೇಕಾದಲ್ಲಿ ಬಾರದಿರುವುದು. ಆಯ್ಕೆಗಳ ಪಟ್ಟಿ, ಆಯ್ದ ಮೌಲ್ಯ ಎರಡರಿಂದಲೂ 'ಟಿ' ಊಹೆಯಾಗುತ್ತದೆ. ಹೀಗಾಗಿ 'ಇಂದ್ರಾನಗರ' ಎಂದು ತಪ್ಪಾಗಿ ಬರೆದರೂ ಅದು ಯೂನಿಯನ್‌ಗೆ (ಒಪ್ಪಿತ ಹೆಸರುಗಳ ಗುಂಪಿಗೆ) ಸೇರಿಕೊಂಡು ಸದ್ದಿಲ್ಲದೆ ಪಾಸಾಗುತ್ತದೆ. 2024ರ ಟೈಪ್‌ಸ್ಕ್ರಿಪ್ಟ್ 5.4 ಆವೃತ್ತಿಯಲ್ಲಿ ಬಂದ 'ನೋಇನ್ಫರ್' ಅನ್ನು ಮೌಲ್ಯದ ಪ್ರಾಪ್‌ಗೆ ಸುತ್ತಿದರೆ ಊಹೆ ಪಟ್ಟಿಯಿಂದ ಮಾತ್ರ ನಡೆಯುತ್ತದೆ, ಕಾಗುಣಿತದ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.

ರೆಫ್ (ಪುಟದ ಅಂಶವನ್ನು ನೇರ ಹಿಡಿಯುವ ಕೊಂಡಿ) ಒಳಗೆ ದಾಟಿಸಲು ಕಾಂಪೊನೆಂಟಿಗೆ 'ಫಾರ್ವರ್ಡ್‌ರೆಫ್' ಸುತ್ತಿದೊಡನೆ ಜೆನೆರಿಕ್ ಮಾಯವಾಗಿ 'ಅನ್‌ನೋನ್' (ಗೊತ್ತಿಲ್ಲದ ಟೈಪ್) ಆಗುತ್ತದೆಯೇ? ರಿಯಾಕ್ಟ್ 19ರಲ್ಲಿ ರೆಫ್ ಮಾಮೂಲಿ ಪ್ರಾಪ್, ಸುತ್ತುವ ಅಗತ್ಯವೇ ಇಲ್ಲ.

ಇನ್ನು ಟಿಎಸ್‌ಎಕ್ಸ್ ಕಡತದಲ್ಲಿ (ಟೈಪ್‌ಸ್ಕ್ರಿಪ್ಟ್ ಜೊತೆಗೆ ಟ್ಯಾಗ್‌ಗಳನ್ನೂ ಬರೆಯುವ ಕಡತದಲ್ಲಿ) ಆ್ಯರೋ ಫಂಕ್ಷನ್‌ನ 'ಟಿ' ಟ್ಯಾಗ್‌ನಂತೆ ಕಂಡರೆ, ಆ 'ಟಿ' ಆದ ಕೂಡಲೇ ಒಂದು ಅಲ್ಪವಿರಾಮ ಹಾಕಿ. ನೋಡಲು ವಿಚಿತ್ರ, ಆದರೆ ಕೆಲಸ ಮಾಡುತ್ತದೆ.